ಹಿರಿಯರ ಕುರ್ಚಿ, ಕಿರಿಯರ ಧೈರ್ಯ

ಈಚಿನ ವರ್ಷಗಳಲ್ಲಿ ನಮ್ಮ ಕಚೇರಿಗಳೂ ಕಾರ್ಖಾನೆಗಳೂ ವಿಶ್ವವಿದ್ಯಾನಿಲಯಗಳೂ ನಾವೀನ್ಯವೆಂಬ ಹೊಸ ದೇವತೆಯ ಉಪಾಸನೆಗೆ ತೊಡಗಿವೆ. ಹೊಸ ಸಲಹೆಗಳನ್ನು ಹಾಕುವುದಕ್ಕೆಂದು ಗೋಡೆಗೆ ಪೆಟ್ಟಿಗೆಯೊಂದನ್ನು ತಗುಲಿಸುವುದು, ವರ್ಷಕ್ಕೊಮ್ಮೆ ಸಭೆ ಸೇರಿಸಿ ಅತಿಥಿಗಳಿಗೆ ಹಾರ, ಶಾಲು, ಮೈಸೂರು ಪೇಟಗಳನ್ನು ಸಮರ್ಪಿಸುವುದು, ನಿದ್ದೆಗೆಟ್ಟು ತಂತ್ರಾಂಶ ಬರೆದ ತರುಣರ ಕೈಗೆ ಆಳೆತ್ತರದ ಚೆಕ್ಕನ್ನು ಕೊಟ್ಟು ಫೋಟೋ ತೆಗೆಸುವುದು, ಇವೆಲ್ಲವೂ ವಿಧಿವತ್ತಾಗಿ ನಡೆಯುತ್ತಿವೆ. ಆದರೆ ಮರುದಿನ ಅದೇ ತರುಣನು ತನ್ನ ಮೇಲಧಿಕಾರಿಯ ಕೊಠಡಿಗೆ ಹೋಗಿ, ಬಹುಕಾಲದಿಂದ ನಡೆದುಬಂದಿರುವ ಕ್ರಮವೊಂದನ್ನು ಸ್ವಲ್ಪ ಬದಲಾಯಿಸಿ ನೋಡಬಹುದೇ ಎಂದು ವಿನಯದಿಂದ ಕೇಳಿದಾಗ ದೊರೆಯುವ ಉತ್ತರ ಮಾತ್ರ ಹಳೆಯದೇ ಆಗಿರುತ್ತದೆ: ‘ನಾಳೆ ಹೆಚ್ಚುಕಡಿಮೆಯಾದರೆ ಯಾರಪ್ಪಾ ಹೊಣೆ?’

ಈ ಪ್ರಶ್ನೆಯನ್ನು ಅಪಹಾಸ್ಯ ಮಾಡುವುದು ಸುಲಭ, ನಾನು ಮಾಡಲಾರೆ. ಯಾವುದೇ ಸಂಸ್ಥೆಯಲ್ಲಿ ಹೊಸತು ಹುಟ್ಟುವುದೂ ಹುಟ್ಟದಿರುವುದೂ ಬಹುಮಟ್ಟಿಗೆ ಈ ಒಂದು ಪ್ರಶ್ನೆಗೆ ಅದರ ಮುಖ್ಯಸ್ಥರು ಕೊಡುವ ಉತ್ತರವನ್ನೇ ಅವಲಂಬಿಸಿದೆಯೆಂದೂ, ಹಣ, ಉಪಕರಣ, ಕಟ್ಟಡ, ಕೊನೆಗೆ ಪ್ರತಿಭೆಯೂ ಸಹ ಅದರ ಮುಂದೆ ಎರಡನೆಯ ಸ್ಥಾನದಲ್ಲಿ ನಿಲ್ಲತಕ್ಕವೆಂದೂ ನಾನು ನಂಬಿದ್ದೇನೆ. ಇದಕ್ಕೆ ನಿದರ್ಶನವನ್ನು ಅರಸಿಕೊಂಡು ಕ್ಯಾಲಿಫೋರ್ನಿಯದವರೆಗೆ ಹೋಗುವ ಅಭ್ಯಾಸ ನಮ್ಮ ಆಡಳಿತಶಾಸ್ತ್ರದ ಪಂಡಿತರಿಗೆ ಉಂಟು. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಒಂದೇ ಕುರ್ಚಿಯ ಮೇಲೆ ಬೇರೆ ಬೇರೆ ಕಾಲಗಳಲ್ಲಿ ಕುಳಿತಿದ್ದ ಇಬ್ಬರ ವೃತ್ತಾಂತವನ್ನು ನೋಡಿದರೂ ತಿಳಿಯಬೇಕಾದುದು ತಿಳಿಯುತ್ತದೆ.

ಮೊದಲನೆಯವರು ಸರ್ ಸಿ. ವಿ. ರಾಮನ್. 1930ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದು, 1933ರಲ್ಲಿ ಆ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದ ಅವರಿಗಿಂತ ಮಿಗಿಲಾದ ಸೃಷ್ಟಿಶೀಲ ಮೇಧಾವಿಯನ್ನು ಆ ಕುರ್ಚಿಯು ಕಂಡುದಿಲ್ಲವೆಂದರೆ ಉತ್ಪ್ರೇಕ್ಷೆಯಾಗಲಾರದು. ಭೌತವಿಜ್ಞಾನ ವಿಭಾಗವನ್ನು ಅವರು ಬುಡದಿಂದ ಕಟ್ಟಿದರು. ನಾಜಿ ಆಳ್ವಿಕೆಯಿಂದಾಗಿ ಜರ್ಮನಿಯನ್ನು ಬಿಡಬೇಕಾಗಿ ಬಂದಿದ್ದ ಮ್ಯಾಕ್ಸ್ ಬಾರ್ನ್‌ರಂಥ ಮಹಾವಿಜ್ಞಾನಿಯನ್ನು ಬೆಂಗಳೂರಿಗೆ ಕರೆಯಿಸಿ, ಇಲ್ಲಿಯೇ ನಿಲ್ಲಿಸಿಕೊಳ್ಳಬೇಕೆಂದು ಬಹಳವಾಗಿ ಹೆಣಗಿದರು. ದೂರದೃಷ್ಟಿಗೆ ಕೊರತೆಯಿರಲಿಲ್ಲ. ಆದರೂ ಕೆಲವು ಸಹೋದ್ಯೋಗಿಗಳೊಡನೆಯೂ ಆಡಳಿತ ಮಂಡಲಿಯೊಡನೆಯೂ ಘರ್ಷಣೆಯು ಬೆಳೆದು, 1936ರಲ್ಲಿ ಪರಿಶೀಲನಾ ಸಮಿತಿಯೊಂದು ಕುಳಿತು, 1937ರಲ್ಲಿ ರಾಮನ್ನರು ನಿರ್ದೇಶಕ ಪದವಿಯನ್ನು ಬಿಟ್ಟುಕೊಟ್ಟು ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಅಲ್ಲಿ ಉಳಿದರು. ಅವರ ಎದುರಾಳಿಗಳೆಲ್ಲ ನಿಷ್ಪಕ್ಷಪಾತಿಗಳಾಗಿದ್ದರೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ತನ್ನೊಳಗೇ ಜ್ವಾಲೆಯನ್ನುಳ್ಳ ಮಹಾಪುರುಷನಿಗೆ ಇತರರ ಒಲೆಗಳಲ್ಲಿ ಇನ್ನೂ ಹೊಗೆಯಾಡುತ್ತಿರುವ ಹಸಿ ಸೌದೆಯನ್ನು ಊದುತ್ತ ಕೂರುವ ತಾಳ್ಮೆ ಇರುವುದು ಅಪೂರ್ವವೆಂಬುದು ನಿಜ. ಶಿಷ್ಯನ ಗುಣವನ್ನು ಗುರುತಿಸುವುದರಲ್ಲಿ ಅವರು ಅದ್ವಿತೀಯರು. ವಿದ್ಯುತ್ ಇಂಜಿನಿಯರಿಂಗ್ ವಿಭಾಗಕ್ಕೆ ಸೇರಿದ್ದ ಜಿ. ಎನ್. ರಾಮಚಂದ್ರನ್ ಎಂಬ ಹುಡುಗನನ್ನು ತಮ್ಮ ವಿಭಾಗಕ್ಕೆ ಎಳೆದುಕೊಂಡವರು ಅವರೇ. ಆದರೆ ಗುರುತ್ವವೂ ನಾಯಕತ್ವವೂ ಒಂದೇ ಅಲ್ಲವಷ್ಟೆ.

ಎರಡನೆಯವರು ಸತೀಶ್ ಧವನ್. ಶ್ರೀನಗರದಲ್ಲಿ 1920ರಲ್ಲಿ ಹುಟ್ಟಿ, ಲಾಹೋರಿನಲ್ಲಿ ಗಣಿತ ಮತ್ತು ಭೌತವಿಜ್ಞಾನವನ್ನೂ, ಅದರೊಡನೆ ಇಂಗ್ಲಿಷ್ ಸಾಹಿತ್ಯವನ್ನೂ, ಅದೂ ಸಾಲದೆಂಬಂತೆ ಯಂತ್ರಶಾಸ್ತ್ರವನ್ನೂ ಓದಿ, ಅಮೆರಿಕದ ಮಿನೆಸೋಟ ಮತ್ತು ಕ್ಯಾಲ್‌ಟೆಕ್‌ಗಳಲ್ಲಿ ವ್ಯಾಸಂಗವನ್ನು ಮುಗಿಸಿ 1951ರಲ್ಲಿ ಬೆಂಗಳೂರಿಗೆ ಬಂದ ಇವರು, ದೇಶದಲ್ಲಿಯೇ ಮೊದಲನೆಯದೆನ್ನಲಾದ ಶಬ್ದಾತೀತ ವೇಗದ ಗಾಳಿಸುರಂಗವನ್ನು ಕೈಗೆ ಸಿಕ್ಕ ಸಾಮಗ್ರಿಗಳಿಂದಲೇ ಇಲ್ಲಿ ನಿರ್ಮಿಸಿದರು. ಅವರ ಬಳಿಗೆ ಸಂಶೋಧನೆಗೆ ಬಂದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನ ಹುಡುಗ ರೊದ್ದಂ ನರಸಿಂಹ ಒಬ್ಬರು. ನೆಟ್ಟಗೆ ಹರಿಯುತ್ತಿರುವ ಪ್ರವಾಹವು ಯಾವ ರೀತಿಯಲ್ಲಿ ಕ್ಷೋಭೆಗೊಂಡು ಕಲಕಿಹೋಗುತ್ತದೆಂಬ ವಿಷಯವನ್ನು ಕುರಿತು ಗುರುಶಿಷ್ಯರು ಸೇರಿ 1958ರಲ್ಲಿ ಪ್ರಕಟಿಸಿದ ಲೇಖನವನ್ನು ದ್ರವಚಲನಶಾಸ್ತ್ರಜ್ಞರು ಇಂದಿಗೂ ಉದ್ಧರಿಸುತ್ತಾರೆ. ಈ ನರಸಿಂಹರೇ ಮುಂದೆ ದೇಶದ ಅಗ್ರಗಣ್ಯ ವಾಯುಯಾನ ವಿಜ್ಞಾನಿಗಳಲ್ಲಿ ಒಬ್ಬರಾದರು.

ಸುಮಾರು 42ನೆಯ ವಯಸ್ಸಿನಲ್ಲಿ, 1962ರಲ್ಲಿ, ಧವನರು ಸಂಸ್ಥೆಯ ನಿರ್ದೇಶಕರಾದರು. 1981ರವರೆಗೆ ಆ ಸ್ಥಾನದಲ್ಲಿದ್ದರು. ಆ ಅವಧಿಯಲ್ಲಿ ಅವರು ಸ್ವತಃ ಕಂಡುಹಿಡಿದುದೇನೆಂದು ಕೇಳುವವರಿಗೆ ಹೇಳಬಹುದಾದುದು ಅತ್ಯಲ್ಪ. ಆದರೆ ಅವರು ಬಾಗಿಲು ತೆರೆದು ಒಳಗೆ ಬರಮಾಡಿಕೊಂಡವರ ಹೆಸರುಗಳನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ರಾಮನ್ನರ ಶಿಷ್ಯರಾಗಿದ್ದು, ಅಷ್ಟರಲ್ಲಿ ಪ್ರೋಟೀನುಗಳ ರಚನೆಯ ಅಧ್ಯಯನದಿಂದ ಜಗದ್ವಿಖ್ಯಾತರಾಗಿದ್ದ ರಾಮಚಂದ್ರನ್ನರು ಮದರಾಸಿನಿಂದ ಮರಳಿ ಬಂದು ಅಣುಜೈವಿಕ ಭೌತವಿಜ್ಞಾನದ ಘಟಕವನ್ನು ಕಟ್ಟಿದುದು ಆ ಕಾಲದಲ್ಲಿ, ಇ. ಸಿ. ಜಿ. ಸುದರ್ಶನರು ಸೈದ್ಧಾಂತಿಕ ಅಧ್ಯಯನಗಳ ಕೇಂದ್ರವನ್ನು ತೆರೆದುದೂ, ಸಿ. ಎನ್. ಆರ್. ರಾಯರು ಘನವಸ್ತುಗಳ ರಸಾಯನಶಾಸ್ತ್ರಕ್ಕೆ ಬೇರೊಂದು ನೆಲೆಯನ್ನು ಕಲ್ಪಿಸಿದುದೂ ಆ ಕಾಲದಲ್ಲಿಯೇ. ಭೌತವಿಜ್ಞಾನಿಗಳ ಆ ಸೈದ್ಧಾಂತಿಕ ಕೇಂದ್ರದೊಳಕ್ಕೆ ಕಾಡುಮೇಡುಗಳನ್ನು ಅಲೆಯುವ ಮಾಧವ ಗಾಡ್ಗೀಳರಂಥ ಪರಿಸರಶಾಸ್ತ್ರಜ್ಞರೂ ಸೇರಿಕೊಂಡರು. ವಿಭಾಗಗಳ ಗಡಿರೇಖೆಗಳನ್ನು ವೇದವಾಕ್ಯದಂತೆ ಪಾಲಿಸುವ ಸಂಸ್ಥೆಯಲ್ಲಿ ಇಂಥದು ನಡೆಯುವುದುಂಟೇ?

ಆದರೆ ಇವರೆಲ್ಲರಿಗಿಂತ ಅಮೂಲ್ಯ ರೆಡ್ಡಿಯವರ ದೃಷ್ಟಾಂತವೇ ನನಗೆ ಹೆಚ್ಚು ಪ್ರಿಯವಾದುದು. ಬೆಂಗಳೂರಿನವರೇ ಆದ ರೆಡ್ಡಿಯವರು ವಿದ್ಯುದ್ರಸಾಯನಶಾಸ್ತ್ರದಲ್ಲಿ ವಿಶ್ವಮಾನ್ಯವಾದ ಪಠ್ಯಗ್ರಂಥದ ಸಹಲೇಖಕರು. ಆ ಹಾದಿಯಲ್ಲಿಯೇ ನಡೆದಿದ್ದರೆ ಪ್ರಶಸ್ತಿಗಳಿಗೆ ಕೊರತೆಯಾಗುತ್ತಿರಲಿಲ್ಲ. ಅಂಥವರು 1970ರ ದಶಕದ ಮೊದಲ ಭಾಗದಲ್ಲಿ, ನಾವು ಕಲಿತ ವಿಜ್ಞಾನದಿಂದ ಹಳ್ಳಿಯ ಬಡವರಿಗೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಪ್ರಯೋಗಾಲಯದ ಗಾಜಿನ ಪಾತ್ರೆಗಳನ್ನು ಬದಿಗಿಟ್ಟು, ಸೌದೆ, ಸಗಣಿ, ಮಣ್ಣು, ನೀರುಗಳನ್ನು ಕುರಿತು ಚಿಂತಿಸತೊಡಗಿದರು. ನಮ್ಮಲ್ಲಿನ ಬಹುತೇಕ ಸಂಸ್ಥೆಗಳಲ್ಲಿ ಇಂಥ ಪ್ರಾಧ್ಯಾಪಕನಿಗೆ ಏನಾಗುತ್ತದೆಂಬುದನ್ನು ಊಹಿಸಬಲ್ಲೆವು: ನೇಮಕವಾದ ಹುದ್ದೆಗೂ ಮಾಡುತ್ತಿರುವ ಕೆಲಸಕ್ಕೂ ಸಂಬಂಧವಿಲ್ಲವೆಂದು ಲೆಕ್ಕಪತ್ರ ವಿಭಾಗದಿಂದ ಆಕ್ಷೇಪಣೆ ಬರುತ್ತದೆ, ಸಹೋದ್ಯೋಗಿಗಳು ಕಾಫಿ ಕುಡಿಯುವಾಗ ನಗುತ್ತಾರೆ. ಇಲ್ಲಿ ಹಾಗಾಗದೆ, 1974ರಲ್ಲಿ ‘ಅಸ್ತ್ರ’ ಎಂಬ ಹೆಸರಿನಿಂದ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಒಯ್ಯುವ ಕೇಂದ್ರವೇ ಸಂಸ್ಥೆಯೊಳಗೆ ಹುಟ್ಟಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರಕೇಂದ್ರವು ನೆಲೆಗೊಂಡಿತು. ಅದೇ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಸಗಣಿಯ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದ ಪ್ರಯೋಗಕ್ಕೂ, ಕಡಿಮೆ ಸೌದೆಯಲ್ಲಿ ಬೇಯಿಸಿ ಹೊಗೆಯನ್ನು ಕೊಳವೆಯಿಂದ ಹೊರಗಟ್ಟುವ ಅಸ್ತ್ರ ಒಲೆಗೂ ಮೂಲ ಅದೇ. ಕರ್ನಾಟಕದ ಹಳ್ಳಿಗಳಲ್ಲಿ ಆ ಒಲೆಯ ಮುಂದೆ ಕುಳಿತು ಅಡಿಗೆ ಮಾಡಿದ ಹೆಣ್ಣುಮಕ್ಕಳಲ್ಲಿ ಧವನರ ಹೆಸರನ್ನು ಕೇಳಿದವರು ವಿರಳ, ಮತ್ತು ಅದು ಹಾಗಿರುವುದೇ ಸರಿ. ಆ ಒಲೆಗೂ ರಾಕೆಟ್ಟಿಗೂ ಒಂದೇ ಮೇಜಿನ ಮೇಲೆ ಅನುಮತಿಯ ಸಹಿ ಬೀಳುತ್ತಿದ್ದ ಕಾಲ ಅದು.

ರಾಕೆಟ್ಟಿನ ಮಾತಿಗೆ ಬರೋಣ. 1971ರ ಡಿಸೆಂಬರ್ 30ರಂದು, ದೇಶದ ಬಾಹ್ಯಾಕಾಶ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ವಿಕ್ರಮ್ ಸಾರಾಭಾಯಿಯವರು ಹಠಾತ್ತಾಗಿ ತೀರಿಕೊಂಡಾಗ ಧವನರು ಕ್ಯಾಲ್‌ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ನೇತೃತ್ವವನ್ನು ವಹಿಸಬೇಕೆಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರಿಂದ ಕರೆ ಬಂದಾಗ, ಅವರು ಮುಂದಿಟ್ಟ ಷರತ್ತುಗಳು ಎರಡು: ಕಾರ್ಯಕ್ರಮದ ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿರಬೇಕು, ಮತ್ತು ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ತಾವು ಬಿಡತಕ್ಕುದಿಲ್ಲ. ಎರಡೂ ಅಂಗೀಕೃತವಾದವು. ದೆಹಲಿಯ ಕಾರಿಡಾರುಗಳಿಂದ ದೂರದಲ್ಲಿ, ಕಲಿಸುವ ಕಲಿಯುವ ಜನರ ನಡುವೆ ಇರಬೇಕೆಂಬ ಈ ಹಟದಲ್ಲಿ ಅವರ ನಾಯಕತ್ವದ ರೀತಿಯೆಲ್ಲ ಅಡಕವಾಗಿದೆಯೆಂದು ನನಗೆ ತೋರುತ್ತದೆ. ನಡುವಿನ ಕೆಲವು ತಿಂಗಳು ಎಂ. ಜಿ. ಕೆ. ಮೆನನ್ನರು ಭಾರವನ್ನು ಹೊತ್ತಿದ್ದು, 1972ರಲ್ಲಿ ಧವನರು ಅಧ್ಯಕ್ಷರಾದರು.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಸಾರಾಭಾಯಿಯವರು ಸ್ವಪ್ನದ್ರಷ್ಟಾರರು, ಅವರ ಕಾಲದಲ್ಲಿ ಕೇರಳದ ತುಂಬಾದಲ್ಲಿ ನಾಲ್ಕಾರು ತಂಡಗಳು ಆತ್ಮೀಯತೆಯ ಬಲದಿಂದ, ಅವರೊಬ್ಬರ ಮುಖವನ್ನೇ ನೋಡಿಕೊಂಡು, ತಮತಮಗೆ ತೋಚಿದಂತೆ ಕೆಲಸ ಮಾಡುತ್ತಿದ್ದವು. ಆ ಸ್ವಾತಂತ್ರ್ಯವು ಮನೋಹರವಾದುದೇ. ಆದರೆ ಒಬ್ಬ ವ್ಯಕ್ತಿಯ ಪ್ರೀತಿಯನ್ನೇ ಆಧಾರವಾಗಿ ಉಳ್ಳ ಸ್ವಾತಂತ್ರ್ಯವು ಆ ವ್ಯಕ್ತಿ ಹೋದ ಮರುದಿನ ಅನಾಥವಾಗುತ್ತದೆ. ಧವನರು ಬಂದು ಮಾಡಿದ ಕೆಲಸವು ಕೇಳುವುದಕ್ಕೆ ನೀರಸವಾದುದು: ಚೆದರಿದ್ದ ತಂಡಗಳನ್ನು ತಿರುವನಂತಪುರದಲ್ಲಿ ಒಂದು ಕೇಂದ್ರವಾಗಿ ಕೂಡಿಸಿ ಲೋಹವಿಜ್ಞಾನಿ ಬ್ರಹ್ಮಪ್ರಕಾಶರ ವಶಕ್ಕೆ ಕೊಟ್ಟರು, ಪ್ರತಿಯೊಂದು ಯೋಜನೆಗೂ ಒಬ್ಬ ನಿರ್ದೇಶಕ, ಒಂದು ಆಯವ್ಯಯ, ಒಂದು ಪರಾಮರ್ಶೆಯ ಕ್ರಮ ಎಂದು ಗೊತ್ತುಮಾಡಿದರು. ಕಟ್ಟುಪಾಡು ಬಂದೊಡನೆ ಕಲ್ಪನೆ ಸಾಯುತ್ತದೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಇಲ್ಲಿ ಆದುದು ತದ್ವಿರುದ್ಧ. ಯಾರು ಯಾವುದಕ್ಕೆ ಉತ್ತರ ಹೇಳತಕ್ಕವರೆಂಬುದು ಸ್ಪಷ್ಟವಾದ ಮೇಲೆ, ತನ್ನ ಪಾಲಿನ ಆವರಣದೊಳಗೆ ತನಗೆ ಸರಿಕಂಡಂತೆ ಮಾಡುವ ಧೈರ್ಯವು ಪ್ರತಿಯೊಬ್ಬನಿಗೂ ಬಂದಿತು. ಪರಾಮರ್ಶೆಯ ಸಭೆಗಳಲ್ಲಿ ಕಿರಿಯ ಇಂಜಿನಿಯರನು ಹಿರಿಯನ ಲೆಕ್ಕಾಚಾರವನ್ನು ಪ್ರಶ್ನಿಸಬಹುದೆಂಬ ರೂಢಿಯೂ ಬೇರೂರಿತು. ಜಾತಿ, ವಯಸ್ಸು, ಪದವಿಗಳ ಮೆಟ್ಟಿಲುಗಳನ್ನು ಎಣಿಸಿಯೇ ಬಾಯಿ ತೆರೆಯುವ ನಮ್ಮ ಸಮಾಜದಲ್ಲಿ ಇದೊಂದು ಸಣ್ಣ ಕ್ರಾಂತಿಯೆಂದೇ ಹೇಳಬೇಕು.

ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾಯರ ನೇತೃತ್ವದಲ್ಲಿ ಪೀಣ್ಯದ ಕೈಗಾರಿಕಾ ಷೆಡ್ಡುಗಳೊಳಗೆ ಆರ್ಯಭಟ ಉಪಗ್ರಹವು ಸಿದ್ಧವಾದುದು ಈ ವಾತಾವರಣದಲ್ಲಿ. ಕಟ್ಟಿದವರಲ್ಲಿ ಹೆಚ್ಚಿನವರು ಅದುವರೆಗೆ ಉಪಗ್ರಹವೊಂದನ್ನು ಕಣ್ಣಿನಿಂದ ಕಂಡವರಲ್ಲ. ಸ್ಥಳ ಸಾಲದೆ ಶೌಚಾಲಯವೊಂದನ್ನೇ ದತ್ತಾಂಶ ಸ್ವೀಕರಿಸುವ ಕೊಠಡಿಯನ್ನಾಗಿ ಮಾರ್ಪಡಿಸಿಕೊಂಡ ಕಥೆ ಪ್ರಸಿದ್ಧವಾಗಿದೆ. ಸುಮಾರು 360 ಕಿಲೋಗ್ರಾಂ ತೂಕದ ಆ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟನ್ನೇರಿ ಕಕ್ಷೆಯನ್ನು ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಸರ್ಕಾರಿ ಭಾಷೆಯಲ್ಲಿ ಇದನ್ನು ಅರ್ಧ ವೈಫಲ್ಯವೆನ್ನಬಹುದು. ಆದರೆ ಅದಕ್ಕಾಗಿ ಯಾರನ್ನೂ ಮೂಲೆಗೆ ತಳ್ಳಿದುದಿಲ್ಲ. ಅದೇ ಜನರು ಭಾಸ್ಕರವನ್ನೂ ಆಪಲ್ ಉಪಗ್ರಹವನ್ನೂ ಕಟ್ಟಿದರು.

ಎಲ್ಲರಿಗೂ ತಿಳಿದಿರುವ ಘಟನೆಯೊಂದನ್ನು ಇಲ್ಲಿ ಮತ್ತೆ ಹೇಳದೆ ವಿಧಿಯಿಲ್ಲ. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಮೇಲೆದ್ದ, 22 ಮೀಟರ್ ಎತ್ತರದ, 17 ಟನ್ ತೂಕದ ಎಸ್‌ಎಲ್‌ವಿ-3 ರಾಕೆಟ್ಟು ಐದಾರು ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿದ್ದಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟವೊಂದು ಸೋರಿ ಆಮ್ಲವು ನಷ್ಟವಾಗಿತ್ತು. ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಮರು ತಾವೇ ಅನೇಕ ಸಭೆಗಳಲ್ಲಿ ಹೇಳಿದಂತೆ, ಉಡ್ಡಯನಕ್ಕೆ ಮುನ್ನ ಗಣಕಯಂತ್ರವು ಎಚ್ಚರಿಕೆ ಕೊಟ್ಟಿದ್ದರೂ ತಜ್ಞರ ಮಾತನ್ನು ನಂಬಿ ಮುಂದುವರಿಯುವ ತೀರ್ಮಾನವನ್ನು ತೆಗೆದುಕೊಂಡವರು ಅವರೇ. ಪತ್ರಕರ್ತರನ್ನು ಎದುರಿಸಬೇಕಾದಾಗ ಧವನರು ಕಲಾಮರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೋಲಿನ ಹೊಣೆಯನ್ನು ತಮ್ಮ ಮೇಲೆಯೇ ಹಾಕಿಕೊಂಡು, ತಮ್ಮ ಜನರಲ್ಲಿ ತಮಗೆ ವಿಶ್ವಾಸವಿದೆಯೆಂದೂ ಒಂದು ವರ್ಷದೊಳಗೆ ಅವರು ಗೆಲ್ಲುವರೆಂದೂ ಹೇಳಿದರಂತೆ. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಿಕಾಗೋಷ್ಠಿಯನ್ನು ನೀವೇ ನಡೆಸಿರೆಂದು ಕಲಾಮರಿಗೆ ಹೇಳಿ ಅಧ್ಯಕ್ಷರು ಹಿಂದೆ ಸರಿದರು.

ಈ ಕಥೆಯನ್ನು ನಾವು ಸಾಧಾರಣವಾಗಿ ಸಜ್ಜನಿಕೆಯ ಪಾಠವೆಂದು ಶಾಲೆಗಳಲ್ಲಿ ಹೇಳಿಕೊಡುತ್ತೇವೆ. ನನಗೆ ಅದು ಸಜ್ಜನಿಕೆಗಿಂತ ಹೆಚ್ಚಾಗಿ ಚಾಣಾಕ್ಷ ಆಡಳಿತದ ಪಾಠವಾಗಿ ಕಾಣುತ್ತದೆ. ಸೋತ ತಂಡವನ್ನು ಹೊರಗಿನ ನಿಂದೆಯಿಂದ ಕಾಪಾಡಿದುದರಿಂದ ಆ ತಂಡವು ಒಳಗೆ ನಿಜವನ್ನು ನುಡಿಯುವುದಕ್ಕೆ ಶಕ್ತವಾಯಿತು. ಕವಾಟ ಸೋರಿತೆಂದೂ, ಸೋರುವ ಸೂಚನೆ ಮೊದಲೇ ಇದ್ದಿತೆಂದೂ ಒಪ್ಪಿಕೊಳ್ಳುವ ಇಂಜಿನಿಯರನಿಗೆ ಅಮಾನತ್ತಿನ ಭಯವಿದ್ದಿದ್ದರೆ, ಆ ಸೂಚನೆಯನ್ನು ದಾಖಲಿಸಿದ ಹಾಳೆಯೇ ಕಾಣೆಯಾಗುತ್ತಿತ್ತು; ಮುಂದಿನ ರಾಕೆಟ್ಟಿನಲ್ಲಿಯೂ ಅದೇ ಕವಾಟ ಸೋರುತ್ತಿತ್ತು. ಇದಕ್ಕೆ ಸೇರಿದ ಇನ್ನೊಂದು ಅಂಶವನ್ನೂ ಮರೆಯಲಾಗದು: ಹೊರಗೆ ಮೃದುವಾಗಿ ಮಾತನಾಡಿದ ಅಧ್ಯಕ್ಷರು ಒಳಗಿನ ತಾಂತ್ರಿಕ ಪರಾಮರ್ಶೆಯಲ್ಲಿ ಯಾರ ಮೋರೆಯನ್ನೂ ನೋಡುವವರಾಗಿರಲಿಲ್ಲ. ಹೊಸತನ್ನು ಪ್ರೋತ್ಸಾಹಿಸುವುದೆಂದರೆ ಎಲ್ಲರ ಬೆನ್ನನ್ನೂ ತಟ್ಟುತ್ತ ಹೋಗುವುದೆಂದು ಭಾವಿಸುವವರು ಈ ಭಾಗವನ್ನು ಬಿಟ್ಟು ಓದುತ್ತಾರೆ.

ಆಕ್ಷೇಪಣೆಗಳು ಬರುವುದು ಸಹಜ. ಸಾರ್ವಜನಿಕರ ಹಣದಿಂದ ಪ್ರಯೋಗ ನಡೆಸಿ ಸೋಲುವ ಹಕ್ಕು ಯಾರಿಗುಂಟು ಎಂದು ಲೆಕ್ಕಪರಿಶೋಧಕರು ಕೇಳಬಹುದು. ಕೇಳತಕ್ಕುದೇ ಸರಿ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಬ್ಯಾಂಕಿನ ತಿಜೋರಿಯಲ್ಲಿ, ರೈಲಿನ ಸಿಗ್ನಲ್ ಕೋಣೆಯಲ್ಲಿ ಸೃಜನಶೀಲತೆಯನ್ನು ಮೆರೆಯುವ ನೌಕರನು ನಮಗೆ ಬೇಡ. ಅಂಥ ಕಡೆಗಳಲ್ಲಿ ಹೊಸ ಕ್ರಮವನ್ನು ಮೊದಲು ಬೇರೊಂದೆಡೆ ಪರೀಕ್ಷಿಸಿ ತರಬೇಕು. ಧವನರಿಗೆ ದೊರೆತಿದ್ದ ಅನುಕೂಲವೂ ಸಾಮಾನ್ಯವಾದುದಲ್ಲವೆಂಬುದನ್ನು ಒಪ್ಪಬೇಕು. 1972ರಲ್ಲಿ ರಚಿತವಾದ ಬಾಹ್ಯಾಕಾಶ ಆಯೋಗವೂ ಇಲಾಖೆಯೂ ನೇರವಾಗಿ ಪ್ರಧಾನಮಂತ್ರಿಯ ಅಧೀನದಲ್ಲಿದ್ದುದರಿಂದ, ಕಡತವು ಹತ್ತು ಮೇಜುಗಳನ್ನು ಸುತ್ತಿ ಬರುವ ಕಷ್ಟ ಅವರಿಗೆ ಬಹುಮಟ್ಟಿಗೆ ತಪ್ಪಿತ್ತು. ತಮ್ಮ ಮೇಲೆ ನೆರಳಿಲ್ಲದವರು ಕೆಳಗಿನವರಿಗೆ ನೆರಳನ್ನು ಕೊಡುವುದು ಕಷ್ಟ. ಬೆಂಗಳೂರಿನ ಖಾಸಗಿ ಕಂಪನಿಗಳ ಮಧ್ಯಮ ದರ್ಜೆಯ ಮ್ಯಾನೇಜರುಗಳು, ವರ್ಷಾಂತ್ಯದಲ್ಲಿ ತಮ್ಮ ತಂಡದ ಇಷ್ಟು ಜನರನ್ನು ಕಡ್ಡಾಯವಾಗಿ ಕಳಪೆ ಎಂದು ಗುರುತಿಸಬೇಕೆಂಬ ಆಜ್ಞೆಗೆ ಒಳಪಟ್ಟಿರುವಾಗ, ಯಾವ ಕಿರಿಯನಿಗೆ ಯಾವ ಅಭಯವನ್ನು ಕೊಟ್ಟಾರು?

ಧವನರು 1984ರಲ್ಲಿ ನಿವೃತ್ತರಾದರು. ಅವರ ರೀತಿಯು ವ್ಯಕ್ತಿಯೊಬ್ಬರ ಗುಣವಷ್ಟೇ ಆಗಿದ್ದಿತೋ ಸಂಸ್ಥೆಯ ಗುಣವಾಯಿತೋ ಎಂಬುದರ ಪರೀಕ್ಷೆ ಬಂದುದು ಆಮೇಲೆ. ಅವರ ಉತ್ತರಾಧಿಕಾರಿಗಳಾದ ಯು. ಆರ್. ರಾಯರ ಕಾಲದಲ್ಲಿ ಎಎಸ್‌ಎಲ್‌ವಿ ರಾಕೆಟ್ಟು 1987ರಲ್ಲಿ ಸೋತಿತು. 1988ರಲ್ಲಿ ಮತ್ತೆ ಸೋತಿತು. ವೃತ್ತಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಗಳಿಗೆ ಬರವಿರಲಿಲ್ಲ. ವೈಫಲ್ಯದ ಕಾರಣಗಳನ್ನು ಶೋಧಿಸುವ ಸಮಿತಿಗಳು ಕುಳಿತವು, ದೋಷಗಳು ಪತ್ತೆಯಾದವು, ತಂಡಗಳು ಉಳಿದವು. 1992ರಲ್ಲಿ ಅದು ಕಕ್ಷೆಯನ್ನು ಮುಟ್ಟಿತು. ಪಿಎಸ್‌ಎಲ್‌ವಿಯ ಮೊದಲ ಉಡ್ಡಯನವೂ 1993ರ ಸೆಪ್ಟೆಂಬರಿನಲ್ಲಿ ವಿಫಲವಾಗಿ, ಮರುವರ್ಷದ ಅಕ್ಟೋಬರಿನಲ್ಲಿ ಸಫಲವಾಯಿತು.

ಇದನ್ನೆಲ್ಲ ನೆನೆದಾಗ ನಮ್ಮ ರಾಜ್ಯದ ನಿಗಮ, ಮಂಡಲಿ, ಪ್ರಾಧಿಕಾರಗಳ ಪರಿಸ್ಥಿತಿಯು ಮನಸ್ಸಿಗೆ ಬಾರದಿರದು. ಅಲ್ಲಿ ವ್ಯವಸ್ಥಾಪಕ ನಿರ್ದೇಶಕರಾಗಿ ಬರುವ ಅಧಿಕಾರಿಗಳಲ್ಲಿ ಬುದ್ಧಿವಂತರೂ ಪ್ರಾಮಾಣಿಕರೂ ಇಲ್ಲವೆಂದಲ್ಲ. ಆದರೆ ಅವರು ಸ್ಥಳದ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂದಿರುತ್ತದೆ. ಧವನರು ಒಂದು ಸಂಸ್ಥೆಯಲ್ಲಿ ಹತ್ತೊಂಬತ್ತು ವರ್ಷವೂ ಇನ್ನೊಂದರಲ್ಲಿ ಹನ್ನೆರಡು ವರ್ಷವೂ ಇದ್ದರು; ತಾವು ಸಹಿ ಹಾಕಿದುದರ ಫಲವನ್ನು, ಸಿಹಿಯಾಗಲಿ ಕಹಿಯಾಗಲಿ, ಅದೇ ಕುರ್ಚಿಯಲ್ಲಿ ಕುಳಿತು ಉಂಡರು. ನಾವು ನಿಜವಾಗಿ ಹೊಸತನವನ್ನು ಬಯಸುವುದಾದರೆ, ಸಲಹಾ ಪೆಟ್ಟಿಗೆಗಳ ಖರ್ಚನ್ನು ಉಳಿಸಿ, ಇಂಥ ಸಂಸ್ಥೆಗಳ ಮುಖ್ಯಸ್ಥರಿಗೆ ಕನಿಷ್ಠ ಐದು ವರ್ಷಗಳ ನಿಶ್ಚಿತ ಅವಧಿಯನ್ನು ಕಾನೂನಿನಿಂದಲೇ ಒದಗಿಸಬೇಕೆಂದು ನಾನು ಕೇಳುತ್ತೇನೆ. ಈಗಂತೂ ಪ್ರಯೋಗವು ಫಲಿಸುವ ಅಥವಾ ಮುರಿದುಬೀಳುವ ಹೊತ್ತಿಗೆ ಅದಕ್ಕೆ ಒಪ್ಪಿಗೆಯಿತ್ತವರು ಬೇರೊಂದು ಇಲಾಖೆಯಲ್ಲಿ ಬೇರೊಂದು ಕಡತವನ್ನು ನೋಡುತ್ತಿರುತ್ತಾರೆ. ವಿಚಾರಣೆಯ ನೋಟೀಸು ಬರುವುದು ಅಲ್ಲಿಯೇ ಉಳಿದ ಕಿರಿಯ ಇಂಜಿನಿಯರನ ಹೆಸರಿಗೆ.